ಆಯಿಯ ಕುಣಿಯ ಜೋಳ

ನಮ್ಮ ಅಡುಗೆಮನೆಯ ಕಿಟಕಿ ಗಾಳಿಗೆ ಪಟ್ಟನೆ ಮುಚ್ಚಿಕೊಳ್ಳದಿರಲೆಂದು ಅದರ ಸಂದಿಗೆ ಒಂದು ಕೋಲು ಕೊಟ್ಟಿರುತ್ತೇನೆ. ಹುಣಸೆ ಕಟ್ಟಿಗೆಯದು, ಒಂದು ಗೇಣು ಉದ್ದ, ಹೆಬ್ಬೆರಳ ದಪ್ಪ, ಕೈಯಾಡಿ ಕೈಯಾಡಿ ನುಣ್ಣಗಾಗಿದೆ. ಹೋದ ವಾರ ಪಕ್ಕದ ಮನೆಗೆ ಹೊಸದಾಗಿ ಬಂದಿರುವ, ಮೈಸೂರು ಕಡೆಯ ಬ್ಯಾಂಕ್ ಮ್ಯಾನೇಜರರ ಹೆಂಡತಿ ಚಹಾಕ್ಕೆಂದು ಬಂದವರು ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು.

“ಇದೇನ್ರೀ, ಅಳತೆ ಕೋಲಾ?”

“ಹೌದ್ರಿ. ನಮ್ಮ ಆಯಿಯ ಪಾದದ ಅಳತಿ.”

“ಓ, ಅಜ್ಜಿಗೆ ಚಪ್ಪಲಿ ಮಾಡ್ಸೋಕಾ?”

“ಅಲ್ರಿ, ಕುಣಿ ತೋಡಸಾಕ. ಸತ್ತ ಮ್ಯಾಲ ಹುಗೀತಾರಲ್ರಿ, ಆ ಕುಣಿ.”

ಆಕೆ ಮಲಗಿದ ಕೂಸನ್ನು ಇಳಿಸುವ ಹಾಗೆ ಕೋಲನ್ನು ಕಟ್ಟೆಯ ಮೇಲೆ ಇಳಿಸಿದರು. ನಲ್ಲಿಯಲ್ಲಿ ಕೈ ತೊಳೆದುಕೊಂಡರು. ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಎಂದು ಹೇಳಿ ಚಹಾ ಅರ್ಧಕ್ಕೇ ಬಿಟ್ಟು ಹೊರಟರು. ಅವರ ಮನೆಗೆ ಹಾಲು ಬರುವುದು ಸಂಜೆ ಐದಕ್ಕೆ ಎಂದು ನನಗೆ ಗೊತ್ತು. ಇರಲಿ.

ಅವರದೇನೂ ತಪ್ಪಿಲ್ಲ. ಸಾವಿನ ಮಾತನ್ನು ಎಲ್ಲರೂ ಪಿಸುದನಿಯಲ್ಲಿ ಆಡುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಅದು ಮದುವೆಯ ಬಂದೋಬಸ್ತಿನಂತೆ ಗಟ್ಟಿಯಾಗಿ, ನಡುಮನೆಯಲ್ಲಿ, ರೊಟ್ಟಿ ತಿನ್ನುತ್ತ ನಡೆಯುತ್ತಿತ್ತು. ಅದಕ್ಕೆ ಕಾರಣ ನಮ್ಮ ಆಯಿ, ಅಂದರೆ ನನ್ನ ಅಪ್ಪನ ತಾಯಿ ಕಾಶಮ್ಮ. ಅಪ್ಪನಿಗೆ ಹುಮನಾಬಾದಿನಲ್ಲಿ ಕಿರಾಣಿ ಅಂಗಡಿ. ಆಯಿ ಇದ್ದದ್ದು ಬಸವಕಲ್ಯಾಣದಲ್ಲಿ, ಹೊಲ ನೋಡಿಕೊಳ್ಳುತ್ತಿದ್ದ ಕಾಕಾನ, ಅಂದರೆ ಅಪ್ಪನ ತಮ್ಮನ ಮನೆಯಲ್ಲಿ. ಊರಿಗೆ ಬಸವಕಲ್ಯಾಣವೆಂದು ಹೆಸರಿಟ್ಟರೂ ಆಕೆ ಕೊನೆಯವರೆಗೂ ಅದನ್ನು ಕಲ್ಯಾಣಿ ಎಂದೇ ಕರೆದಳು. ಸರಕಾರ ಹೆಸರು ಬದಲಿಸುವಾಗ ತನ್ನನ್ನು ಕೇಳಿಲ್ಲ ಎಂಬುದು ಆಕೆಯ ತಕರಾರು.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ಕೂಡಿಸುತ್ತೇವೆ. ಮೀಸಿ, ಹಣೆತುಂಬ ವಿಭೂತಿ ಹಚ್ಚಿ, ಚಕ್ಕಳಮಕ್ಕಳ ಹಾಕಿಸಿ, ಬಿದಿರಿನ ವಿಮಾನ ಕಟ್ಟಿ ಅದರೊಳಗೆ ಕೂಡಿಸಿ, ಭಜನೆ ಮಾಡುತ್ತ ಹೊಲಕ್ಕೆ ಒಯ್ಯುತ್ತೇವೆ. ಕುಣಿಯ ಉದ್ದ, ಅಗಲ, ಆಳ ಎಲ್ಲವೂ ಸತ್ತವರ ಪಾದದ ಅಳತೆಯಲ್ಲಿ. ಕುಣಿಯ ತಳದಲ್ಲಿ ಒಂದು ಗೂಡು ಕೊರೆದು, ಅದರೊಳಗೆ ಕೂಡಿಸಿ, ಎಡಗೈಯಲ್ಲಿ ಲಿಂಗ ಇಟ್ಟು, ಪತ್ರಿ, ವಿಭೂತಿ ಗಟ್ಟಿ, ಉಪ್ಪು ತುಂಬಿ ಗೂಡಿನ ಬಾಯಿಗೆ ಕಲ್ಲು ಮುಚ್ಚುತ್ತಾರೆ. ಆಮೇಲೆ ಬಂದವರೆಲ್ಲ ಮೂರು ಹಿಡಿ ಮಣ್ಣು ಕೊಡುತ್ತಾರೆ. ಸತ್ತವನು ಎಲ್ಲಿಗೋ ಹೊರಟವನಲ್ಲ, ಪೂಜೆಗೆ ಕೂತವನು ಎಂಬುದು ಹಿರಿಯರ ಭಾವನೆ. ಸೂತಕವೂ ಇಲ್ಲ, ಮಣ್ಣಿಗೆ ಹೋಗಿ ಬಂದವರು ಕೈಕಾಲು ತೊಳೆದು ಊಟಕ್ಕೆ ಕೂಡುತ್ತಾರೆ.

ನಮ್ಮ ಆಯಿ ಮಣ್ಣಿಗೆ ಹೋಗುವುದರಲ್ಲಿ ಮುಂದು. ಬೇಮಳಖೇಡದಲ್ಲಿ ದೂರದ ಬೀಗರ ಬೀಗರು ತೀರಿಕೊಂಡರೂ ಆಕೆಗೆ ಸುದ್ದಿ ಬರುತ್ತಿತ್ತು, ಆಕೆಯ ಬುತ್ತಿಯ ಗಂಟು ಸಿದ್ಧವಾಗುತ್ತಿತ್ತು. ಹೋಗುವುದು ಅಳುವುದಕ್ಕಲ್ಲ, ಪರೀಕ್ಷೆಗೆ. ಶಾಲೆಗೆ ಬರುವ ಇನ್‌ಸ್ಪೆಕ್ಟರರ ಹಾಗೆ ವಿಮಾನದ ಮುಂದೆ ನಿಂತು, ತಲೆಯಿಂದ ಮಂಡಿಯ ತನಕ ನೋಡಿ ಬರುತ್ತಿದ್ದಳು. ಸಂಜೆ ನಡುಮನೆಯಲ್ಲಿ ವರದಿ.

“ಸಾವ್ಕಾರ ಇದ್ದಾ ಖರೆ. ಏನ್ ಉಪಯೋಗ? ಕುತಗಿ ಒಂದ್ ಕಡೀಗಿ ವಾಲಿತ್ತು. ಆ ಕುಂಬಾರ ಓಣಿ ಮುದುಕಿ ನೋಡು, ಕಂಬ ನಿಂದ್ರಿಸಿದಂಗ ಕುಂತಿದ್ಲು!”

ಸತ್ತ ಮೇಲೆ ಚೆನ್ನಾಗಿ ಕೂಡುವುದು ಬದುಕಿದ್ದಾಗ ಚೆನ್ನಾಗಿ ನಡೆದುಕೊಂಡದ್ದರ ಗುರುತು ಎಂದು ಆಯಿ ಗಟ್ಟಿಯಾಗಿ ನಂಬಿದ್ದಳು. ನಾನೂ ನಂಬಿದ್ದೆ. ಐದನೇ ಇಯತ್ತೆಯಲ್ಲಿ ಮಾಸ್ತರರು ಬೆನ್ನು ನೆಟ್ಟಗೆ ಮಾಡಿ ಕೂಡ್ರಿ ಎಂದಾಗಲೆಲ್ಲ ಅವರು ನಮ್ಮನ್ನು ಯಾತಕ್ಕೆ ತಯಾರು ಮಾಡುತ್ತಿದ್ದಾರೆಂದು ನನ್ನೊಬ್ಬಳಿಗೆ ಗೊತ್ತು ಎಂದು ಬೀಗುತ್ತಿದ್ದೆ.

ಈಗ ಕೇಳಿ ಆಕೆಯ ಸಂಕಟ. ಆಯಿಯ ಎಡ ಮೊಣಕಾಲು ಮಡಚುತ್ತಿರಲಿಲ್ಲ. ನಾನು ಹುಟ್ಟುವುದಕ್ಕೂ ಮೊದಲೇ ಕಣಿಕೆಯ, ಅಂದರೆ ಜೋಳದ ದಂಟಿನ ಬಣವೆಯ ಮೇಲಿಂದ ಜಾರಿಬಿದ್ದು ಕಾಲು ಮುರಿದಿತ್ತು. ಕಟ್ಟು ಕಟ್ಟುವವನು ಎರಡು ಬಿದಿರ ದಬ್ಬೆಯ ನಡುವೆ ಕಾಲನ್ನು ನೆಟ್ಟಗೆ ಕಟ್ಟಿ ಹೋದ. ಕಟ್ಟು ಬಿಚ್ಚಿದ ಮೇಲೂ ಕಾಲು ನೆಟ್ಟಗೇ ಉಳಿಯಿತು. ನಡೆಯುವುದಕ್ಕೆ ಅಡ್ಡಿಯಿಲ್ಲ, ಹೊಲಕ್ಕೆ ಹೋಗಿ ಬರುತ್ತಿದ್ದಳು. ಕೂತಾಗ ಮಾತ್ರ ಬಲಗಾಲು ಮಡಚಿ, ಎಡಗಾಲು ಮುಂದೆ ಒಲೆಯ ಕಟ್ಟಿಗೆಯ ಹಾಗೆ ಚಾಚಿರಬೇಕು.

“ಹಿಂಗ ಕಾಲ್ ಚಾಚ್ಕೊಂಡು ಶಿವನ ಮುಂದ ಹ್ಯಾಂಗ ಕುಂದ್ರಲಿ?” ಎಂದು ಆಯಿ ಕೇಳುತ್ತಿದ್ದಳು. ಇದು ಹಾಸ್ಯದ ಮಾತಾಗಿರಲಿಲ್ಲ. ಕಾಲು ಮಡಚದವರನ್ನು ಮಲಗಿಸಿಯೇ ಹೂಳಿಬಿಡುತ್ತಾರೆ ಎಂಬುದು ಒಂದು ಭಯ. ಒನಕೆಯಿಂದ ಮೊಣಕಾಲು ಮುರಿದು ಕೂಡಿಸುತ್ತಾರೆ ಎಂಬುದು ಇನ್ನೊಂದು. ಹಾಗೆ ಎಲ್ಲೋ ಮಾಡಿದ್ದರಂತೆ. ಎಲ್ಲಿ ಎಂದರೆ ಚಿಟಗುಪ್ಪದವರು ಬೇಮಳಖೇಡದಲ್ಲಿ ಎನ್ನುತ್ತಿದ್ದರು, ಬೇಮಳಖೇಡದವರು ಕೊಡಂಬಲದಲ್ಲಿ ಎನ್ನುತ್ತಿದ್ದರು, ಕೊಡಂಬಲದವರು ಚಿಟಗುಪ್ಪದ ಕಡೆ ಕೈ ತೋರಿಸುತ್ತಿದ್ದರು. ಕಂಡವರು ಒಬ್ಬರೂ ಇಲ್ಲ. ಆದರೂ ಆಯಿ ಕಾಕಾನಿಂದ ಮಾತು ತೆಗೆದುಕೊಂಡಿದ್ದಳು: ತನ್ನನ್ನು ಹೊಲದಲ್ಲಿ ಮುತ್ಯಾನ ಮಗ್ಗುಲಿಗೇ ಇಡಬೇಕು, ನೆಟ್ಟಗೆ ಕೂಡಿಸಬೇಕು, ಕಾಲು ಮುರಿಯಬಾರದು. ಮುತ್ಯಾ, ಅಂದರೆ ಆಕೆಯ ಗಂಡ, ನಾನು ಕಣ್ಣು ಬಿಡುವ ಮೊದಲೇ ಬೇವಿನ ಗಿಡದ ಕೆಳಗೆ ಹೋಗಿ ಕೂತಿದ್ದ. ಕಾಕಾ ಹೂಂ ಎಂದಿದ್ದ. ಅವನು ಎಲ್ಲದಕ್ಕೂ ಹೂಂ ಎನ್ನುವವನೇ.

ಮಗನ ಮಾತಿನ ಮೇಲೆ ಭಾರ ಹಾಕಿ ಸುಮ್ಮನಿರುವ ಹೆಂಗಸಲ್ಲ ಆಕೆ. ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಮೊಣಕಾಲಿಗೆ ಬೆಚ್ಚನೆಯ ಎಣ್ಣೆ ತಿಕ್ಕಿ, ಚಕ್ಕಳಮಕ್ಕಳ ಹಾಕುವ ಸಾಧನೆಗೆ ಕೂಡುತ್ತಿದ್ದಳು. ಮೊಣಕಾಲ ಮೇಲೆ ಉಪ್ಪಿನ ಗಂಟು ಇಡುತ್ತಿದ್ದಳು, ರುಬ್ಬುವ ಗುಂಡು ಇಡುತ್ತಿದ್ದಳು. ರಜೆಗೆ ನಾನು ಹೋದೆನೆಂದರೆ “ಬಾ ನನ್ನ ಬಂಗಾರ” ಎಂದು ಕರೆದು ಎಡ ಮೊಣಕಾಲ ಮೇಲೆಯೇ ಕೂಡಿಸಿಕೊಳ್ಳುತ್ತಿದ್ದಳು. ತಮ್ಮಂದಿರನ್ನು ಬಿಟ್ಟು ನನ್ನನ್ನೇ ಕರೆಯುತ್ತಾಳಲ್ಲ ಎಂದು ನನಗೆ ಬಹಳ ಹೆಮ್ಮೆ. ನಾನು ಅವರಿಬ್ಬರಿಗಿಂತ ದಪ್ಪ ಇದ್ದೆ ಎಂಬ ಕಾರಣ ತಿಳಿಯಲು ಎಷ್ಟೋ ವರ್ಷ ಬೇಕಾಯಿತು.

ಹುಮನಾಬಾದಿನ ಸಂತೆಗೆ ಆಗ ತಿಂಗಳಿಗೊಮ್ಮೆ ಒಬ್ಬ ಚೀನಿ ಹಲ್ಲಿನ ಡಾಕ್ಟರ್ ಬರುತ್ತಿದ್ದ. ಹೈದರಾಬಾದಿನಿಂದ ಮೋಟಾರಿನಲ್ಲಿ ಬಂದು, ಸಡಕಿನ ಪಕ್ಕದ ಒಂದು ಕೋಣೆಯಲ್ಲಿ ಕುರ್ಚಿ ಹಾಕುತ್ತಿದ್ದ. ಬಾಗಿಲಿಗೆ ತೂಗುಹಾಕಿದ ಹಲಗೆಯಲ್ಲಿ ಕೆಂಪು ವಸಡು, ಬಿಳಿಯ ಹಲ್ಲು ಬರೆದ ದೊಡ್ಡದೊಂದು ಬಾಯಿ. ಮುಖವಿಲ್ಲದೆ ಬರಿಯ ಬಾಯಿ. ಅದರ ಮುಂದೆ ಹಾಯುವಾಗ ನಾನು ತುಟಿ ಬಿಗಿದುಕೊಂಡು ಓಡುತ್ತಿದ್ದೆ. ಒಮ್ಮೆ ಆಯಿ ನಮ್ಮ ಮನೆಗೆ ಬಂದಿದ್ದಾಗ ದವಡೆ ಬಾತಿತು. ಲವಂಗ ಕಚ್ಚಿ ಎರಡು ದಿನ ತಡೆದಳು. ಮೂರನೆಯ ದಿನ ಸಂತೆ. ನನ್ನನ್ನು ಜೊತೆ ಮಾಡಿಕೊಂಡು ಆ ಬಾಯಿಯ ಕೆಳಗೆ ಹಾದು ಒಳಗೆ ನಡೆದಳು.

ಹಲ್ಲು ಕೀಳುವುದು ಎರಡು ನಿಮಿಷದ ಕೆಲಸ. ಆಮೇಲಿನ ಮಾತು ಒಂದು ತಾಸು. ಆತ ಮಾತಾಡುತ್ತಿದ್ದದ್ದು ಅಪ್ಪಟ ಹೈದರಾಬಾದಿ ಮಾತು, ಆಯಿಗೆ ನಿಜಾಮರ ಕಾಲದಿಂದ ರೂಢಿಯಾದದ್ದು. ಅದನ್ನು ನಾನಿಲ್ಲಿ ನಮ್ಮ ಮಾತಿಗೆ ಇಳಿಸಿದ್ದೇನೆ.

“ನನ್ನ ಹಲ್ಲು ನನಗ ಕೊಡಪ್ಪಾ,” ಎಂದಳು ಆಯಿ, ಅರಳೆ ಕಚ್ಚಿಕೊಂಡೇ. “ಕುಣ್ಯಾಗ ಇಡಬೇಕು. ಶಿವ ಕೊಟ್ಟದ್ದು ಎಣಿಸಿ ತಿರುಗಿ ಕೊಡಬೇಕು.”

ಇಂಥ ಮಾತಿಗೆ ಜನ ನಗುವುದು ನನಗೆ ಗೊತ್ತಿತ್ತು. ಆತ ನಗಲಿಲ್ಲ. ಹಲ್ಲನ್ನು ತೊಳೆದು ಕಾಗದದಲ್ಲಿ ಸುತ್ತಿ ಎರಡೂ ಕೈಯಲ್ಲಿ ಕೊಟ್ಟ. ತಮ್ಮಲ್ಲೂ ಹಾಗೆಯೇ, ಮೈ ತಂದೆತಾಯಿ ಕೊಟ್ಟದ್ದು, ಊನವಿಲ್ಲದೆ ಮಣ್ಣಿಗೆ ಒಪ್ಪಿಸಬೇಕು ಎಂದ. ಅಲ್ಲಿಂದ ಇಬ್ಬರಿಗೂ ಕುದುರಿತು. ಕಲಕತ್ತೆಯಲ್ಲಿರುವ ತನ್ನ ತಾಯಿ ಅರವತ್ತು ತುಂಬಿದಾಗಲೇ ತನ್ನ ಶವದ ಪೆಟ್ಟಿಗೆ ಮಾಡಿಸಿ ಮನೆಯಲ್ಲಿ ಇಟ್ಟುಕೊಂಡಿದ್ದಾಳೆ, ವರ್ಷಕ್ಕೊಮ್ಮೆ ಅದಕ್ಕೆ ಮೆರುಗು ಬಳಿಸುತ್ತಾಳೆ, ಖಾಲಿ ಇರಬಾರದೆಂದು ಅದರಲ್ಲಿ ಅಕ್ಕಿ ತುಂಬಿಡುತ್ತಾಳೆ ಎಂದು ಹೇಳಿದ. ಉಡುವ ಬಟ್ಟೆ ಸಹ ಹೊಲಿಸಿ ಮಡಚಿಟ್ಟಿದ್ದಾಳೆ. ಪೆಟ್ಟಿಗೆ ತಯಾರಾಗಿದ್ದರೆ ಆಯುಷ್ಯ ಹೆಚ್ಚು ಎಂಬ ನಂಬಿಕೆ.

“ಯಾಕ?”

“ಎಲ್ಲಾ ತಯಾರಿ ಮುಗಿಸಿದವರ ಮನೆಗೆ ಯಮ ಅವಸರ ಮಾಡಿ ಬರೋದಿಲ್ಲ ಅಮ್ಮಾ. ಯಾವಾಗ ಹೋದರೂ ನಡೀತದೆ ಅಂತ ಬಿಟ್ಟಿರ್ತಾನೆ.”

ಆಯಿ ಇದನ್ನು ನುಂಗಿದ್ದು ನನಗೆ ಕಾಣಿಸಿತು. ಇನ್ನೂ ಏನೇನೋ ಹೇಳಿದ. ಗೋರಿಯ ಹಿಂದೆ ಗುಡ್ಡ, ಮುಂದೆ ನೀರು ಇದ್ದರೆ ಮಕ್ಕಳು ಮೊಮ್ಮಕ್ಕಳು ಏಳಿಗೆಯಾಗುತ್ತಾರಂತೆ. ಜಾಗ ನೋಡುವುದಕ್ಕೆಂದೇ ದಿಕ್ಕು ತೋರಿಸುವ ಯಂತ್ರ ಹಿಡಿದ ಪಂಡಿತರಿದ್ದಾರಂತೆ. ಕಾಗದದ ಮನೆ, ಕಾಗದದ ಕುದುರೆ ಮಾಡಿ ಸುಟ್ಟು ಸತ್ತವರಿಗೆ ಕಳಿಸುತ್ತಾರಂತೆ. ವರ್ಷಕ್ಕೊಂದು ದಿನ ಮನೆಮಂದಿಯೆಲ್ಲ ಹೋಗಿ ಗೋರಿ ಗುಡಿಸಿ, ಅಲ್ಲೇ ಕೂತು ಊಟ ಮಾಡಿ ಬರುತ್ತಾರಂತೆ.

“ಹಿಂದ ಗುಡ್ಡ, ಮುಂದ ನೀರು! ನಮ್ಮ ಹೊಲಕ್ಕ ಒಂದು ಬಾವಿ ಅದ, ಅದೂ ಹೋಳಿ ಹುಣ್ಣಿವಿಗಿ ಒಣಗತದ. ಅಲ್ಲಾ, ನಿಮ್ಮಲ್ಲಿ ಕುಂದ್ರಸ್ತಾರೋ ಮಲಗಿಸ್ತಾರೋ?”

“ಮಲಗಿಸ್ತಾರೆ ಅಮ್ಮಾ. ಆರಾಮ.”

“ಛೀ ಪಾಪ,” ಎಂದಳು ಆಯಿ. “ಮಲ್ಕೊಂಡಾವ್ರನ್ನ ದೇವರು ಹ್ಯಾಂಗ ಮಾತಾಡಸ್ತಾನ?”

ಆತ ಮೊದಲ ಸಲ ನಕ್ಕ. ಆಮೇಲೆ ಇಕ್ಕಳ ಒರೆಸುತ್ತ, ತಾಯಿಗೇನೋ ಪೆಟ್ಟಿಗೆ ಇದೆ, ಜಾಗವೂ ಇದೆ, ತನ್ನ ಮಣ್ಣು ಎಲ್ಲಿಯದೋ ಗೊತ್ತಿಲ್ಲ ಎಂದ. ಪ್ರತಿಯೊಬ್ಬನೂ ಹಿರಿಯರ ಊರಿನ ಮಣ್ಣಿಗೆ ಹೋಗಿ ಸೇರಬೇಕಂತೆ. ಅವನು ಆ ಊರನ್ನು ಕಣ್ಣಿನಿಂದ ನೋಡಿಲ್ಲ. ಆಯಿ ಹಲ್ಲಿನ ಪೊಟ್ಟಣವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

“ಫಿಕರ್ ಮಾಡಬ್ಯಾಡ. ನಮ್ಮ ಹೊಲದಾಗ ಜಾಗ ಅದ. ಆದ್ರ ಒಂದು, ಕುಂದ್ರಬೇಕಾಗ್ತದ.”

ಮನೆಗೆ ಬರುವಾಗ ಆಯಿ ಹಲ್ಲುನೋವಿನವಳ ಹಾಗೆ ಇರಲಿಲ್ಲ. ಮರುದಿನವೇ ಹುಣಸೆಯ ಕೋಲು ತರಿಸಿ, ನೆಲದ ಮೇಲೆ ಪಾದ ಇಟ್ಟು, ಹಿಮ್ಮಡಿಯಿಂದ ಹೆಬ್ಬೆರಳ ತನಕ ನನ್ನಿಂದ ಗುರುತು ಹಾಕಿಸಿ ಕೊಯ್ಯಿಸಿದಳು. ಇದ್ದಿಲಿನಿಂದ ಗುರುತು ಹಾಕುವಾಗ ಕಚಗುಳಿಯಾಗಿ ಆಕೆ ಕಾಲು ಎಳೆದುಕೊಂಡದ್ದರಿಂದ ಅಳತೆಯಲ್ಲಿ ಒಂದು ಬೆರಳು ಕಡಿಮೆ ಬಂದಿರಬೇಕು ಎಂಬ ಗುಮಾನಿ ನನಗೆ ಇಂದಿಗೂ ಇದೆ. ಯಾರಿಗೂ ಹೇಳಿರಲಿಲ್ಲ.

ಬಸವಕಲ್ಯಾಣಕ್ಕೆ ಮರಳಿದ ಮೇಲೆ ಆಯಿ ಯಾರನ್ನೂ ಕೇಳದೆ ಕುಣಿ ತೋಡಿಸಿದಳು. ತೋಡಿದವನು ತುಕಾರಾಮ. ನಮ್ಮ ಹೊಲದ ಕೆಲಸವನ್ನು ಅವನ ಅಪ್ಪನ ಕಾಲದಿಂದ ಮಾಡಿಕೊಂಡು ಬಂದ ಮನೆತನ, ಆಗಷ್ಟೇ ಬೌದ್ಧರಾಗಿದ್ದರು. ನೆಲದೊಳಗೆ ಜೋಳ ತುಂಬಿಡುವ ಹಗೇವು ತೋಡುವುದರಲ್ಲಿ ಸುತ್ತ ಹತ್ತು ಹಳ್ಳಿಯಲ್ಲಿ ಅವನ ಸಮ ಇರಲಿಲ್ಲ.

“ಅವ್ವಾ, ನೀ ಇನ್ನಾ ಕಲ್ಲಿನಂಗ ಗಟ್ಟಿ ಅದೀ. ಈಗೇ ಯಾಕ?” ಎಂದನಂತೆ.

“ಅದಕ್ಕೇ. ಗಟ್ಟಿ ಇದ್ದಾಗ ನಿಂತು ನೋಡಬಹುದು. ಆಮ್ಯಾಲ ನೀವು ಹ್ಯಾಂಗ ತೋಡ್ತೀರೋ ಯಾರಿಗಿ ಗೊತ್ತು?”

ಮುತ್ಯಾನ ಸಮಾಧಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ಆಯಿ ಕೋಲು ಹಿಡಿದು ನಿಂತಳು, ತುಕಾರಾಮ ಇಳಿದ. ತಳದಲ್ಲಿ ಗೂಡಿಗೆ ಕೈ ಹಾಕಿದರೆ ಮೂರು ಕಡೆ ಬಂಡೆ. ಮುತ್ಯಾನ ಕಡೆ ಮಾತ್ರ ಮೆತ್ತನೆಯ ಮುರುಮು ಮಣ್ಣು. ಆ ಕಡೆಗೇ ಗೂಡು ಕೊರೆದ. ಒಬ್ಬರು ಚಕ್ಕಳಮಕ್ಕಳ ಹಾಕಿ ಕೂಡುವಷ್ಟೇ ಜಾಗ. ಆಯಿ ಏಣಿ ಇಳಿದು, ಒಳಗೆ ಹೋಗಿ, ಕಾಲು ಹೊರಗೆ ಚಾಚಿಕೊಂಡು ಕೂತು ನೋಡಿ, ತಂಪು ಚಲೋ ಅದ ಎಂದಳು. ಕಾಲಿನ ಮಾತು ಎತ್ತಿದವನಿಗೆ, ಅಷ್ಟರಲ್ಲಿ ಮಡಚುತ್ತದೆ, ಸಾಧನೆ ನಡೆದಿದೆ ಎಂದಳು.

ಸುದ್ದಿ ಕೇಳಿ ಕಾಕಾ ಓಡಿ ಬಂದ, ಹಿಂದೆ ಕಾಕು. ಕಾಕು ಎಂದರೆ ಕಾಕಾನ ಹೆಂಡತಿ. ಆ ಮನೆಯಲ್ಲಿ ಆಯಿಗೆ ತಿರುಗಿ ಮಾತಾಡುವ ಎದೆಗಾರಿಕೆ ಇದ್ದ ಒಬ್ಬಳೇ ಹೆಂಗಸು. ಮಠದ ಅಯ್ಯನವರನ್ನೂ ಕರೆಸಿದರು. ಅವರು ಕುಣಿಯ ಬಾಯಿಯಲ್ಲಿ ನಿಂತು ತಲೆ ಕೊಡವಿದರು.

“ತೋಡಿದ ಕುಣಿ ಖಾಲಿ ಬಿಡಬಾರದು ಕಾಶಮ್ಮಾ. ಬಾಯಿ ತಗದು ಕುಂತದ, ಮನ್ಯಾಗಿನವ್ರನ್ನ ಯಾರನರ ಕರೀತದ.”

ಮುಂದಿನ ನಾಲ್ಕು ದಿನ ಆ ಮನೆಯಲ್ಲಿ ಯಾರೂ ಮನಸ್ಸು ಬಿಚ್ಚಿ ಸೀನಲಿಲ್ಲ. ಯಾರು ಕೆಮ್ಮಿದರೂ ಉಳಿದವರು ಅವರ ಕಡೆ ನೋಡುತ್ತಿದ್ದರು. ಕಾಕಾನಿಗೆ ಜ್ವರವೇ ಬಂತು. ಹಕೀಮರು ನಾಡಿ ಹಿಡಿದು ಇದು ಜ್ವರವಲ್ಲ, ಹೆದರಿಕೆ ಎಂದರು. ಐದನೆಯ ದಿನ ಆಯಿಯೇ ದಾರಿ ಕಂಡುಕೊಂಡಳು.

“ಆ ಚೀನಿ ಡಾಕ್ಟರನ ಅವ್ವ ಪೆಟ್ಟಿಗ್ಯಾಗ ಅಕ್ಕಿ ತುಂಬತಾಳಂತ. ನಾವು ಜೋಳ ತುಂಬೋಣು. ಅನ್ನ ಇದ್ದಲ್ಲಿ ಸಾವು ಹ್ಯಾಂಗ ಬರ್ತದ?”

“ಕುಣಿಗೂ ಹಗೇವಿಗೂ ಏನ್ ಫರಕ್ ಅದರಿ?” ಎಂದ ತುಕಾರಾಮ. “ಎಲ್ಡೂ ನಾನೇ ತೋಡೇನಿ.”

ಅಯ್ಯನವರು ಬಹಳ ಹೊತ್ತು ಗಡ್ಡ ನೀವಿಕೊಂಡು, ಅನ್ನವೂ ಶಿವನ ಪ್ರಸಾದವೇ, ಅಡ್ಡಿಯಿಲ್ಲ ಎಂದರು. ಗೋಡೆಗೆ ಹುಲ್ಲು ಹೊದಿಸಿ, ಹನ್ನೆರಡು ಚೀಲ ಬಿಳಿಜೋಳ ಸುರಿದು, ಬಾಯಿಗೆ ಬಂಡೆ ಮುಚ್ಚಿ ಮಣ್ಣು ಮೆತ್ತಿದರು. ಕಾಕಾನ ಜ್ವರ ಅಂದೇ ಇಳಿಯಿತು.

ಹೀಗೆ ಆಯಿಯ ಕುಣಿ ಹಗೇವಾಯಿತು. ಸುಗ್ಗಿ ಮುಗಿದ ಮೇಲೆ ತುಂಬುವುದು, ಮಳೆಗಾಲದಲ್ಲಿ ತೆಗೆಯುವುದು, ಮಧ್ಯೆ ಖಾಲಿ ಬಿಡಬಾರದೆಂದು ಒಂದು ಗಡಿಗೆ ಜೋಳ ಒಳಗೇ ಇಡುವುದು. ಮೊದಲ ವರ್ಷ ಕಾಕು ಆ ಜೋಳದ ರೊಟ್ಟಿ ಬಡಿಯಲು ಒಪ್ಪಲಿಲ್ಲ. ಆಯಿ ತಾನೇ ಬಡಿದು, ತಾನೇ ಮೊದಲು ತಿಂದು, “ನನ್ನ ಕುಣೀದು ನಾನೇ ತಿಂದೀನಿ, ಸತ್ತೀನೇನು?” ಎಂದು ಕೇಳಿದಳು. ನಾವೂ ತಿಂದೆವು. ನಿಜ ಹೇಳುತ್ತೇನೆ, ಅಷ್ಟು ಸವಿಯಾದ ಜೋಳ ಮತ್ತೆಲ್ಲೂ ತಿಂದಿಲ್ಲ. ನೆಲದ ತಂಪಿಗೋ, ಮುರುಮಿನ ಗುಣಕ್ಕೋ, ಒಂದು ಹುಳು ಬಿದ್ದದ್ದು ಕಾಣೆ.

ನನ್ನನ್ನು ನೋಡಲು ಬಂದ ವರನ ಕಡೆಯವರಿಗೂ ಅದೇ ರೊಟ್ಟಿ. ಹುಡುಗನ ತಾಯಿ ಎರಡು ತಿಂದು, ಮೂರನೆಯದು ಮುರಿಯುತ್ತ, ಜೋಳ ಯಾವ ಕಡೆಯದು ಎಂದು ಕೇಳಿದರು. ಅಪ್ಪ ಬಾಯಿ ತೆರೆಯುವಷ್ಟರಲ್ಲಿ ಆಯಿ, “ನನ್ನ ಕುಣೀದ್ರಿ,” ಎಂದು ಇಡೀ ಕತೆಯನ್ನು ಹಲ್ಲಿನಿಂದ ಹಿಡಿದು ಹೇಳಿಬಿಟ್ಟಳು. ನಾನು ಬಾಗಿಲ ಹಿಂದೆ ಸೆರಗು ಕಚ್ಚಿಕೊಂಡು ನಿಂತಿದ್ದೆ. ಮದುವೆ ಮುರಿದಂತೆಯೇ ಎಂದುಕೊಂಡೆ. ಹುಡುಗನ ತಾಯಿಯ ಕೈ ತಾಟಿನಲ್ಲಿಯೇ ನಿಂತಿತು. ಹುಡುಗ ಮಾತ್ರ ಜೋರಾಗಿ ನಕ್ಕು, “ಆಯಿ, ಇನ್ನೊಂದ್ ರೊಟ್ಟಿ ಹಾಕ್ರಿ,” ಎಂದ. ನನ್ನ ಗಂಡನಲ್ಲಿ ಆಮೇಲೆ ನಾನು ಎಷ್ಟೋ ದೋಷ ಕಂಡುಹಿಡಿದಿದ್ದೇನೆ. ಆ ಒಂದು ರೊಟ್ಟಿಯ ಮೇಲೆ ಎಲ್ಲವನ್ನೂ ಮಾಫಿ ಮಾಡಿದ್ದೇನೆ.

ನನ್ನ ಮದುವೆಗೂ ಎಷ್ಟೋ ಮೊದಲೇ, ಚೀನಾದ ಜೊತೆ ಯುದ್ಧವಾದ ಮೇಲೆ, ಹಲ್ಲಿನ ಡಾಕ್ಟರ್ ಸಂತೆಗೆ ಬರುವುದು ನಿಂತಿತ್ತು. ಹಲಗೆ ಸ್ವಲ್ಪ ದಿನ ಹಾಗೇ ತೂಗುತ್ತಿತ್ತು, ಆಮೇಲೆ ಯಾರೋ ಇಳಿಸಿದರು. ಆತ ಎಲ್ಲಿ ಹೋದ ಎಂದು ಹೇಳುವವರಿರಲಿಲ್ಲ. ಆಯಿ ಹುಮನಾಬಾದಿಗೆ ಬಂದಾಗಲೆಲ್ಲ ಆ ಕೋಣೆಯ ಕಡೆ ನೋಡಿ, “ಅಂವಗ ಜಾಗ ಇಟ್ಟೀನಿ, ಎಲ್ಲಿ ಮಣ್ಣಾದನೋ ಏನೋ,” ಎನ್ನುತ್ತಿದ್ದಳು. ಆಕೆಗೆ ನಿಜವಾಗಿಯೂ ಬೇಜಾರಿತ್ತು. ನನ್ನ ಆಯಿ ಅಳುವುದನ್ನು ನಾನು ಕಂಡದ್ದು ಕಡಿಮೆ; ಒಂದು ಸಲ ಆ ಕೋಣೆಯ ಮುಂದೆ ಕಂಡಿದ್ದೇನೆ.

ಆತ ಹೇಳಿದ ಮಾತು ಮಾತ್ರ ಸುಳ್ಳಾಗಲಿಲ್ಲ. ಕುಣಿ ತಯಾರಾದ ಮೇಲೆ ಆಯಿ ಇಪ್ಪತ್ತು ವರ್ಷ ಬದುಕಿದಳು. ಯಮ ಅವಸರ ಮಾಡಲೇ ಇಲ್ಲ. ಇಪ್ಪತ್ತು ವರ್ಷವೂ ಬೆಳಿಗ್ಗೆ ಸಾಧನೆ ತಪ್ಪಿಸಲಿಲ್ಲ. ನನ್ನ ಮಕ್ಕಳು ಆ ಮೊಣಕಾಲ ಮೇಲೆ ಕೂತರು. ಕಾಲು ಮಾತ್ರ ಬಡಗಿ ಮಾಡಿದಂತೆ ನೆಟ್ಟಗೇ ಉಳಿಯಿತು.

ಯುಗಾದಿ ಮುಗಿದ ವಾರದಲ್ಲಿ ಆಯಿ ಹೋದಳೆಂದು ಸುದ್ದಿ ಬಂತು. ನಾನಾಗ ಹುಮನಾಬಾದಿನ ಶಾಲೆಯಲ್ಲಿ ಕಲಿಸುತ್ತಿದ್ದೆ. ಮೊದಲ ಬಸ್ಸು ಹಿಡಿದು ಹೋದಾಗ ವಿಮಾನ ಕಟ್ಟಿ ಮುಗಿದಿತ್ತು. ಬೆನ್ನು ನೆಟ್ಟಗೆ, ಕುತ್ತಿಗೆ ನೆಟ್ಟಗೆ, ಹಣೆಯಲ್ಲಿ ವಿಭೂತಿ; ಎಡಗಾಲು ವಿಮಾನದಿಂದ ಒಂದು ಮೊಳ ಹೊರಗೆ. ಓಣಿಯ ತಿರುವಿನಲ್ಲಿ ಆ ಕಾಲು ಗೋಡೆಗೆ ತಾಗದಂತೆ ಕಾಕು ತನ್ನ ಕೈ ಅಡ್ಡ ಹಿಡಿದು ನಡೆದಳು.

ಹೊಲಕ್ಕೆ ಹೋದ ಮೇಲೆ ಎಲ್ಲರಿಗೂ ನೆನಪಾಯಿತು: ಹದಿನೈದು ದಿನದ ಹಿಂದಷ್ಟೇ ಜೋಳ ತುಂಬಿದೆ. ಕುಣಿಯಲ್ಲಿ ಹನ್ನೆರಡು ಚೀಲ ಜೋಳ, ಹೊರಗೆ ಆಯಿ. ತುಕಾರಾಮನ ತಲೆ ಆಗ ಬೆಳ್ಳಗಾಗಿತ್ತು. ತನ್ನ ಮಕ್ಕಳನ್ನು ಕರೆದು ಬಂಡೆ ಸರಿಸಿದ. ಹಗೇವು ತೆಗೆದ ಕೂಡಲೆ ಇಳಿಯುವಂತಿಲ್ಲ, ಒಳಗಿನ ಗಾಳಿ ಉಸಿರು ಕಟ್ಟಿಸುತ್ತದೆ. ಅವನು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟ, ಆರಿತು. ಸ್ವಲ್ಪ ಹೊತ್ತು ಬಿಟ್ಟು ಇಳಿಬಿಟ್ಟ, ಮತ್ತೆ ಆರಿತು. ಬಿಸಿಲು ಏರಿತು. ಆಯಿಯನ್ನು ಬೇವಿನ ನೆರಳಿಗೆ ಸರಿಸಿದರು. ಭಜನೆಯವರು ಇದ್ದ ಹಾಡೆಲ್ಲ ಮುಗಿಸಿ ಮೊದಲಿನಿಂದ ಶುರು ಮಾಡಿದರು. ಕಂದೀಲು ಉರಿದ ಮೇಲೆ ಜೋಳ ಮೇಲೆ ಬರತೊಡಗಿತು. ಮಣ್ಣು ಕೊಡಲು ಬಂದ ಹಿರಿಯರೆಲ್ಲ ಧೋತರ ಕಟ್ಟಿ ಚೀಲ ಹೊತ್ತರು. ತಡವಾಗಿ ಬಸ್ಸಿಳಿದು ಬಂದ ನೆಂಟರೊಬ್ಬರು ಬದುವಿನ ಮೇಲೆ ನಿಂತು, “ಇದು ಮಣ್ಣೋ ಬಜಾರೋ?” ಎಂದು ಕೇಳಿದರು. ನನಗೆ ನಗು ಬಂತು. ಆಯಿಯ ಮುಖ ನೋಡಿದೆ, ಆಕೆಗೂ ಬಂದಿರಬೇಕು.

ಕುಣಿ ಖಾಲಿಯಾದ ಮೇಲೆ ನಗು ನಿಂತಿತು. ಆ ಗೂಡು ಚಕ್ಕಳಮಕ್ಕಳ ಹಾಕಿದ ಆಯಿಗಾಗಿ ಕೊರೆದದ್ದು, ಕಾಲು ಚಾಚಿದ ಆಯಿಗಾಗಿ ಅಲ್ಲ. ಚಿಟಗುಪ್ಪದ ಹಿರಿಯ ಬೀಗರು ಮುಂದೆ ಬಂದು, “ಜರಾ ಜೋರಿಲೆ ಒತ್ರಿ, ಮಡಚತದ. ಆಕೀಗಿ ಈಗ ಏನ್ ತಕಲೀಫ್ ಆಗ್ತದ?” ಎಂದರು. ಎಲ್ಲರೂ ಕಾಕಾನ ಕಡೆ ನೋಡಿದರು. ಜನ್ಮವಿಡೀ ಹೂಂ ಎಂದವನು ನಮ್ಮ ಕಾಕಾ. ಅವತ್ತು ಆಯಿಯ ಮೊಣಕಾಲ ಮೇಲೆ ಎರಡೂ ಕೈ ಇಟ್ಟು ಕೂತುಬಿಟ್ಟ.

“ಉಹೂಂ. ಯಾರೂ ಮುಟ್ಟಬ್ಯಾಡ್ರಿ. ಮಾತು ಕೊಟ್ಟೀನಿ.”

“ಹಂಗಾರ ಮಲಗಿಸ್ತೀ ಏನು?”

“ಅದೂ ಇಲ್ಲ.”

ತುಕಾರಾಮ ಕುಣಿಯೊಳಗಿಂದಲೇ ಹೇಳಿದ. “ಗೂಡು ಉದ್ದ ಮಾಡ್ತೀನ್ರಿ. ಆದ್ರ ಬಾಯಿಗಿ ಕಲ್ಲು ಮುಚ್ಚಬೇಕು, ಕಾಲು ಹೊರಗ ಬಿಡಾಕ ಬರಂಗಿಲ್ಲ. ಮೂರು ಕಡೀಗಿ ಬಂಡೆ ಅದ. ಮುತ್ಯಾನ ಕಡೀಗೇ ಕೊರೀಬೇಕು. ಕಾಲು ಆ ಕಡೀಗೇ ಹೋಗ್ತದ.”

ಗಂಡಸರಲ್ಲಿ ಗದ್ದಲವೆದ್ದಿತು. ಹೆಂಡತಿಯಾದವಳು ಗಂಡನ ಕಡೆ ಕಾಲು ಚಾಚುವುದೇ? ಅದೂ ಕಲ್ಪಾಂತದವರೆಗೆ? ಬೀಗರು ಅಯ್ಯನವರನ್ನು ಕೇಳಿದರು, ಅಯ್ಯನವರು ಗಡ್ಡ ನೀವಿಕೊಂಡರು. ಆಗ ಕಾಕು ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಣಿಯ ಬಾಯಿಗೆ ಬಂದಳು. ಅತ್ತೆಯ ಜೊತೆ ಮೂವತ್ತು ವರ್ಷಕ್ಕೂ ಮೇಲೆ ಜಗಳಾಡಿದ ಸೊಸೆ.

“ನಾ ಈ ಮನೀಗಿ ಬಂದಾಗ ಮಾವ ಇದ್ರು. ಅವ್ರ ಮುಂದ ಈಕಿ ಒಂದಿನ ಕಾಲ್ ಚಾಚಿ ಕುಂತಿಲ್ಲ. ಈ ಮುರದ ಕಾಲ್ ತಗೊಂಡು, ಅವ್ರು ಮನ್ಯಾಗ ಇರೋತನಕ ಗ್ವಾಡಿ ಹಿಡ್ಕೊಂಡು ನಿಂತೇ ಇರ್ತಿದ್ಲು. ಉಣ್ಣೋದೂ ನಿಂತೇ. ಅವ್ರು ಒಂದ್ ಸಲ ಕುಂದ್ರು ಅಂದಿಲ್ಲ. ಈಗರ ಕಾಲ್ ಚಾಚಿ ಕುಂದರ್ಲಿ ಬಿಡ್ರಿ. ಅವ್ರ ಕಡೀಗೇ ಚಾಚಲಿ.”

ನನಗೆ ಇದು ಗೊತ್ತಿರಲಿಲ್ಲ. ಆಯಿ ತನ್ನ ಗಂಡನ ಬಗ್ಗೆ ಕೆಟ್ಟ ಮಾತು ಆಡಿದ್ದನ್ನು ನಾನು ಕೇಳಿಯೇ ಇಲ್ಲ. ನನಗೆ ಅಲ್ಲಿಯ ತನಕ ಬಾರದ ಅಳು ಬಂತು, ನಿಂತಲ್ಲೇ ಅತ್ತೆ. ಅಯ್ಯನವರು ಗಡ್ಡ ಬಿಟ್ಟು, “ಶಿವ ಕಾಲು ನೋಡಂಗಿಲ್ಲ. ಕೊರಿ ತುಕಾರಾಮ,” ಎಂದರು.

ಅರ್ಧ ತಾಸಿನಲ್ಲಿ ಅವನು ಮುಗಿಸಿದ. ಅಪ್ಪನೂ ನನ್ನ ತಮ್ಮಂದಿರೂ ಆಯಿಯನ್ನು ಎತ್ತಿ ಇಳಿಸಿದರು. ಕಾಕಾ ಕಾಲು ಹಿಡಿದುಕೊಂಡೇ ಇಳಿದ. ಎಡಗೈಯಲ್ಲಿ ಲಿಂಗ, ಮಡಿಲಲ್ಲಿ ಹಲ್ಲಿನ ಗಂಟು, ಬೆನ್ನು ನೆಟ್ಟಗೆ. ಎಡಗಾಲು ಮುಂದೆ ಚಾಚಿ ಆಯಿ ಕೂತಳು. ತುಕಾರಾಮ ಕಾಲಿನ ತುದಿಯನ್ನು ಒಮ್ಮೆ ಕೈಯಿಂದ ಅಳೆದು ನೋಡಿ ಏಣಿ ಹತ್ತಿ ಬಂದ. ಗಂಡಸರಿಗೆ ಸಮಾಧಾನವಾಗಲೆಂದು ಹೇಳಿದ:

“ಮುತ್ಯಾನ ಗೂಡಿನ ಕಲ್ಲಿಗಿ ನಾಕ್ ಬಟ್ಟು ಮಣ್ಣು ಬಿಟ್ಟೀನ್ರಿ. ಕಾಲು ತಾಕಂಗಿಲ್ಲ.”

“ತಾಕಿದ್ರ ತಾಕ್ಲಿ ಬಿಡಪ್ಪಾ,” ಎಂದಳು ಕಾಕು.

ತುಕಾರಾಮ ಕಾಕುವಿನ ಮುಖ ನೋಡಿದ. ಅಯ್ಯನವರ ಮುಖ ನೋಡಿದ. ಆಮೇಲೆ ಗುದ್ದಲಿ ಅಲ್ಲೇ ಬಿಟ್ಟು, ಮತ್ತೆ ಏಣಿ ಇಳಿದು, ಆ ನಾಲ್ಕು ಬೆರಳು ಮಣ್ಣನ್ನು ಕೈಯಿಂದಲೇ ಕೆರೆದು ತೆಗೆದ.